ಜಲ್ಲಿಯ ಹಾದಿ

ಊರಿಂದೂರಿಗೆ ಹೋಗುವ ದಾರಿಗಳಲ್ಲಿ ಎರಡು ಬಗೆಗಳುಂಟು. ಒಂದು, ಡಾಂಬರು ಹಾಕಿದ ಹೆದ್ದಾರಿ. ಅದರ ಮೇಲೆ ಸಾಗುವವನ ಗಮನವೆಲ್ಲ ತಲುಪಬೇಕಾದ ಊರಿನ ಕಡೆಗೇ ಇರುತ್ತದೆ. ಇನ್ನೊಂದು, ಜಲ್ಲಿ ಗರಸುಗಳ ಕಿರುದಾರಿ. ಅದು ಹೊಳೆಯ ದಡವನ್ನು ಹಿಡಿದು, ಗುಡ್ಡವನ್ನು ಬಳಸಿ, ಕಾಡಿನೊಳಕ್ಕೆ ನುಸುಳಿ ಹೋಗುತ್ತದೆ. ಅದರ ಮೇಲೆ ಸಾಗುವವನು ಹೆಜ್ಜೆಹೆಜ್ಜೆಗೂ ನೆಲವನ್ನು ನೋಡಲೇಬೇಕು. ಇಂತಹ ದಾರಿಗಳನ್ನೇ ಅರಸಿಕೊಂಡು ಸೈಕಲ್ಲಿನಲ್ಲಿ ಸಂಚರಿಸುವ ಹವ್ಯಾಸವು ಈಚಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿದೆ. ಅದನ್ನು ‘ಗ್ರಾವೆಲ್ ಸೈಕ್ಲಿಂಗ್’ ಎನ್ನುತ್ತಾರೆ.

ಹೆಸರು ಹೊಸದಾದರೂ ಆಸೆ ಹಳೆಯದು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ಗಾಳಿ ತುಂಬಿದ ರಬ್ಬರಿನ ಟೈರನ್ನು ಬೆಲ್‌ಫಾಸ್ಟ್ ನಗರದಲ್ಲಿ ಸಿದ್ಧಪಡಿಸಿದಾಗ ಡಾಂಬರಿನ ರಸ್ತೆಗಳು ವಿರಳವಾಗಿದ್ದವು. ಅಂದಿನ ಸವಾರರೆಲ್ಲರೂ ಕಲ್ಲುಮಣ್ಣಿನ ದಾರಿಯ ಸವಾರರೇ. ಮುಂದೆ ರಸ್ತೆಗಳು ನುಣುಪಾದವು; ಮೋಟಾರುಗಳು ಅವುಗಳನ್ನು ತುಂಬಿದವು. ಆಗ ಇಂಗ್ಲೆಂಡಿನ ಕೆಲವರು ಸೈಕಲ್ಲುಗಳನ್ನು ಮತ್ತೆ ಬೆಟ್ಟದ ಹಾದಿಗೆ ತಿರುಗಿಸಿದರು. ಒರಟು ದಾರಿಗಳಲ್ಲಿ ಸಂಚರಿಸುವುದಕ್ಕಾಗಿಯೇ ‘ರಫ್ ಸ್ಟಫ್ ಫೆಲೋಷಿಪ್’ ಎಂಬ ಸಂಘವನ್ನು 1955ರಲ್ಲಿ ಕಟ್ಟಿಕೊಂಡರು. ಇಂದಿನ ಗ್ರಾವೆಲ್ ಸೈಕಲ್ಲು ಈ ಆಸೆಗೆ ತಕ್ಕಂತೆ ರೂಪುಗೊಂಡ ವಾಹನ. ಅದರ ಹಿಡಿಯು ಪಂದ್ಯದ ಸೈಕಲ್ಲಿನ ಹಿಡಿಯಂತೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ಸುಮಾರು 40 ಮಿಲಿಮೀಟರಿನಷ್ಟು ಅಗಲ. ಅದರಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲ. ಬಿಗಿಯಾದ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ; ಸಡಿಲವಾದುದು ಕಲ್ಲಿನ ಆಕಾರಕ್ಕೆ ತಾನೇ ಬಾಗಿ ನೆಲವನ್ನು ಹಿಡಿದುಕೊಳ್ಳುತ್ತದೆ.

ಇಂತಹ ಒಂದು ಹಾದಿಯನ್ನು ಹಿಡಿದು ನಾವೂ ಮನಸ್ಸಿನಲ್ಲಿ ಹೊರಡೋಣ. ಇಂಗ್ಲೆಂಡಿನ ಉತ್ತರದ ಅಂಚಿನಲ್ಲಿ, ಸ್ಕಾಟ್ಲೆಂಡಿಗೆ ತಗುಲಿಕೊಂಡಂತೆ, ನಾರ್ತಂಬರ್‌ಲ್ಯಾಂಡ್ ಎಂಬ ಪ್ರಾಂತವಿದೆ. ಗಡಿಯ ಬಳಿ ಹುಟ್ಟುವ ಉತ್ತರ ಟೈನ್ ನದಿಯು ಹೆಕ್ಸಮ್ ಪಟ್ಟಣದ ಸಮೀಪದಲ್ಲಿ ದಕ್ಷಿಣ ಟೈನನ್ನು ಕೂಡಿ, ನ್ಯೂಕಾಸಲ್ ನಗರವನ್ನು ಹಾಯ್ದು ಕಡಲನ್ನು ಸೇರುತ್ತದೆ. ಸಂಗಮದಿಂದ ಹೊರಟು ನದಿಗೆ ಎದುರಾಗಿ ಸಾಗಿದರೆ ಮೊದಲು ಸಿಗುವುದು ಚೆಸ್ಟರ್ಸ್ ಎಂಬಲ್ಲಿರುವ ರೋಮನರ ಕೋಟೆಯ ಅವಶೇಷ. ಚಕ್ರವರ್ತಿ ಹೇಡ್ರಿಯನ್ನನು ಕ್ರಿ.ಶ. 122ರಲ್ಲಿ ಆರಂಭಿಸಿದ ಮಹಾಗೋಡೆಯು ಇಲ್ಲಿಯೇ ನದಿಯನ್ನು ದಾಟುತ್ತಿತ್ತು. ಸೈನಿಕರ ಸ್ನಾನಗೃಹದ ಗೋಡೆಗಳು ಹೊಳೆಯ ದಂಡೆಯಲ್ಲಿ ಇನ್ನೂ ನಿಂತಿವೆ.

ಬೆಲ್ಲಿಂಗಮ್ ಎಂಬ ಸಣ್ಣ ಪೇಟೆಯನ್ನು ದಾಟಿ ಮೇಲೇರಿದರೆ ಕಣಿವೆಗೆ ಅಡ್ಡಲಾಗಿ ಮಣ್ಣಿನ ಕಟ್ಟೆಯೊಂದು ಎದುರಾಗುತ್ತದೆ. ಒಂದು ಕಿಲೋಮೀಟರಿಗೂ ಉದ್ದವಾದ, 52 ಮೀಟರು ಎತ್ತರವಾದ ಈ ಕಟ್ಟೆಯ ಹಿಂದೆ ಕೀಲ್ಡರ್ ಜಲಾಶಯವಿದೆ. 1982ರಲ್ಲಿ ಉದ್ಘಾಟನೆಗೊಂಡ ಈ ಕೆರೆಯು ಸುಮಾರು 20,000 ಕೋಟಿ ಲೀಟರು ನೀರನ್ನು ಹಿಡಿಯಬಲ್ಲದು. ಬ್ರಿಟನ್ನಿನ ಮಾನವನಿರ್ಮಿತ ಸರೋವರಗಳಲ್ಲಿ ಇಷ್ಟು ನೀರನ್ನು ಹಿಡಿಯುವಂತಹದು ಬೇರೊಂದಿಲ್ಲ. ಅದರ ಸುತ್ತಲೂ ಸುಮಾರು 42 ಕಿಲೋಮೀಟರು ಉದ್ದದ ಜಲ್ಲಿಹಾದಿಯಿದೆ. ನಡೆಯುವವರೂ ಸೈಕಲ್ ಸವಾರರೂ ಕುದುರೆ ಸವಾರರೂ ಅದನ್ನು ಹಂಚಿಕೊಳ್ಳುತ್ತಾರೆ. 1862ರಲ್ಲಿ ಕಟ್ಟಿದ ಕಲ್ಲಿನ ರೈಲು ಸೇತುವೆಯೊಂದು ಈ ಹಾದಿಯಲ್ಲಿ ಸಿಗುತ್ತದೆ. 1956ರಲ್ಲಿ ಪ್ರಯಾಣಿಕರ ರೈಲು ನಿಂತುಹೋಯಿತು. ಈಗ ಅದರ ಮೇಲೆ ಸೈಕಲ್ಲುಗಳು ಓಡಾಡುತ್ತವೆ.

ಆದರೆ ಈ ರಮ್ಯವಾದ ನೀರಿನ ಕೆಳಗೆ ಒಂದು ಕಥೆಯಿದೆ. ಕಣಿವೆಯಲ್ಲಿದ್ದ ಹೊಲಮನೆಗಳೂ ಹಳೆಯ ರೈಲುದಾರಿಯ ಒಂದು ಭಾಗವೂ ಜಲಾಶಯದಲ್ಲಿ ಮುಳುಗಿಹೋದವು. ಮನೆಗಳನ್ನು ಬಿಟ್ಟು ಜನ ಹೊರಡಬೇಕಾಯಿತು. ಪೂರ್ವ ತೀರದ ಉಕ್ಕಿನ ಕಾರ್ಖಾನೆಗಳಿಗೆ ಮುಂದೆ ಅಪಾರವಾದ ನೀರು ಬೇಕಾಗುವುದೆಂಬ ಲೆಕ್ಕಾಚಾರವು ಈ ಯೋಜನೆಯ ಹಿಂದಿತ್ತು. ಕಟ್ಟೆ ಮುಗಿಯುವ ವೇಳೆಗೆ ಆ ಉದ್ಯಮವೇ ಇಳಿಮುಖವಾಗಿತ್ತು. ಜಲಾಶಯವು ವ್ಯರ್ಥವಾಗಲಿಲ್ಲ, ನಿಜ. ಬರಗಾಲದಲ್ಲಿಯೂ ಆ ಸೀಮೆಯ ನದಿಗಳಿಗೆ ನೀರನ್ನು ಹರಿಸುವ ಆಸರೆ ಅದು. ಕಟ್ಟೆಯಿಂದಾಗಿ ಸಾಮನ್ ಮೀನುಗಳು ಮೊಟ್ಟೆಯಿಡುತ್ತಿದ್ದ ನೆಲೆಗಳು ತಪ್ಪಿಹೋದವು. ಆ ನಷ್ಟವನ್ನು ತುಂಬಲು ಕೀಲ್ಡರಿನಲ್ಲಿ ಮೀನುಮರಿಗಳನ್ನು ಸಾಕಿ ನದಿಗೆ ಬಿಡುವ ಕೇಂದ್ರವೊಂದನ್ನು ಸ್ಥಾಪಿಸಲಾಯಿತು. ನದಿಯೂ ಶುದ್ಧವಾಗುತ್ತ ಬಂದು, ಇಂದು ಟೈನ್ ಇಂಗ್ಲೆಂಡಿನಲ್ಲಿ ಸಾಮನ್ ಮೀನಿಗೆ ಹೆಸರಾದ ನದಿಯಾಗಿದೆ. ನೀರಿನ ಅಂಚಿನಲ್ಲಿ ಹಾಯಾಗಿ ಸಾಗುವ ಸವಾರನು ತನ್ನ ಈ ಸಂತೋಷಕ್ಕೆ ಯಾರೋ ಬೆಲೆ ತೆತ್ತಿದ್ದಾರೆಂಬುದನ್ನು ಮರೆಯಬಾರದು.

ಸರೋವರದ ಸುತ್ತ ಕಪ್ಪಗೆ ಹಬ್ಬಿರುವ ಕಾಡನ್ನು ಕಂಡು ಅನಾದಿಕಾಲದ ಅರಣ್ಯವೆಂದು ಭ್ರಮಿಸುವುದು ಸಹಜ. ಅದೂ ಮನುಷ್ಯನ ಕೈಯ ಕೆಲಸವೇ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರಮುಟ್ಟುಗಳ ತೀವ್ರ ಕೊರತೆಯುಂಟಾಯಿತು. ಅದರ ಪರಿಣಾಮವಾಗಿ 1919ರಲ್ಲಿ ಅರಣ್ಯ ಆಯೋಗವು ಸ್ಥಾಪಿತವಾಯಿತು. 1926ರಲ್ಲಿ ಕೀಲ್ಡರಿನ ಬೋಳುಗುಡ್ಡಗಳ ಮೇಲೆ ಸಸಿ ನೆಡುವ ಕಾರ್ಯ ಮೊದಲಾಯಿತು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಸಿಟ್ಕಾ ಸ್ಪ್ರೂಸ್ ಮರವೇ ಇಲ್ಲಿ ಅಧಿಕ. ಇಂದು 600 ಚದರ ಕಿಲೋಮೀಟರಿಗೂ ಮಿಗಿಲಾದ ಈ ಕಾಡಿನಲ್ಲಿ ಇಂಗ್ಲೆಂಡಿನ ಕೆಂಪು ಅಳಿಲುಗಳಲ್ಲಿ ಅರ್ಧದಷ್ಟು ವಾಸವಾಗಿವೆ ಎನ್ನುತ್ತಾರೆ. ಮೀನು ಹಿಡಿಯುವ ಆಸ್ಪ್ರೇ ಎಂಬ ಗಿಡುಗವು ಬಹುಕಾಲದ ಮೇಲೆ 2009ರಲ್ಲಿ ಇಲ್ಲಿಗೆ ಮರಳಿ ಗೂಡು ಕಟ್ಟಿತು. ಆದರೆ ಒಂದೇ ಜಾತಿಯ ಮರಗಳನ್ನು ಒತ್ತೊತ್ತಾಗಿ ಬೆಳೆಸಿದ ಕಾಡಿಗೆ ಅಪಾಯವೂ ಉಂಟು. 2021ರ ನವೆಂಬರಿನಲ್ಲಿ ಬೀಸಿದ ಆರ್ವೆನ್ ಬಿರುಗಾಳಿಗೆ ಲಕ್ಷಾಂತರ ಮರಗಳು ಉರುಳಿದವು.

ಸವಾರರಿಗೆ ಪ್ರಿಯವಾದ ಜಲ್ಲಿಹಾದಿಗಳು ಈ ಮರಗಳ ಕೊಡುಗೆ. ಮರದ ದಿಮ್ಮಿಗಳನ್ನು ಹೊತ್ತ ಭಾರವಾದ ಲಾರಿಗಳಿಗಾಗಿ ಕಲ್ಲನ್ನು ಪುಡಿಮಾಡಿ ಹಾಸಿ, ಏರು ಕಡಿದಾಗದಂತೆ ಬಳಸಿ, ಪಕ್ಕದಲ್ಲಿ ನೀರುಗಾಲುವೆ ತೋಡಿ ಈ ರಸ್ತೆಗಳನ್ನು ಮಾಡಿದರು. ಲಾರಿಗೆ ಒದಗಿದ ದಾರಿಯು ಸೈಕಲ್ಲಿಗೂ ಒದಗಿತು. 2016ರಲ್ಲಿ ಈ ರಸ್ತೆಗಳ ಮೇಲೆ 200 ಕಿಲೋಮೀಟರಿನ ಒಂದು ಸೈಕಲ್ ಓಟ ಆರಂಭವಾಯಿತು. ಹಿಂದೆ ಈ ಗಡಿಸೀಮೆಯಲ್ಲಿ ದನಗಳ್ಳತನಕ್ಕೆ ಹೆಸರಾಗಿದ್ದ ‘ರೀವರ್’ ಎಂಬ ದರೋಡೆಕೋರರ ಹೆಸರನ್ನೇ ಅದಕ್ಕೆ ಇಟ್ಟರು.

ಮರಗಳ ಸೀಮೆಯನ್ನು ದಾಟಿದರೆ ಬಟ್ಟಬಯಲು. ಇದನ್ನು ‘ಮೂರ್’ ಎನ್ನುತ್ತಾರೆ. ಗಾಳಿ, ಆಕಾಶ, ಕುರುಚಲು ಗಿಡ. ಆಗಸ್ಟಿನಲ್ಲಿ ಹೆದರ್ ಗಿಡಗಳು ಅರಳಿ ನೆಲವೆಲ್ಲ ನೇರಳೆಯಾಗುತ್ತದೆ. ಕಾಲಿನ ಕೆಳಗೆ ಕಪ್ಪಾದ, ಒದ್ದೆಯಾದ ಪೀಟ್ ಮಣ್ಣಿದೆ. ನೀರು ನಿಂತ ನೆಲದಲ್ಲಿ ಸತ್ತ ಹಾವಸೆಯು ಪೂರ್ತಿಯಾಗಿ ಕೊಳೆಯದೆ ಪದರುಪದರಾಗಿ ಕೂಡಿ ಆದುದೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು. ಹಾಗಾದರೆ ಗಾಲಿಯು ಅದರಲ್ಲಿ ಒಂದು ಗೇಣು ಆಳದ ಜಾಡನ್ನು ಕೊರೆಯಿತೆನ್ನಿ. ಎಷ್ಟು ವರ್ಷಗಳ ಕೆಲಸವು ಹಾಳಾಯಿತು? ಇನ್ನೂರು ವರ್ಷಗಳ ಕೆಲಸ! ಮೇಲಾಗಿ ಪೀಟ್ ತನ್ನೊಡಲಲ್ಲಿ ಇಂಗಾಲವನ್ನು ಹುದುಗಿಸಿಟ್ಟುಕೊಂಡಿದೆ. ನೆಲ ಒಣಗಿದರೆ ಅದು ಗಾಳಿಗೆ ಸೇರುತ್ತದೆ. ಹಿಂದೆ ಮರ ನೆಡುವುದಕ್ಕಾಗಿ ಇಂತಹ ಜೌಗುಗಳಲ್ಲಿ ಕಾಲುವೆ ತೋಡಿ ನೀರನ್ನು ಬಸಿದರು. ಈಗ ಅದೇ ಕಾಲುವೆಗಳಿಗೆ ಒಡ್ಡು ಹಾಕಿ ನೀರನ್ನು ನಿಲ್ಲಿಸುತ್ತಿದ್ದಾರೆ. ಆದುದರಿಂದ ವಿವೇಕಿಯಾದ ಸವಾರನು ಜಲ್ಲಿಯ ಹಾದಿಯನ್ನು ಬಿಟ್ಟು ಮೆತ್ತನೆಯ ನೆಲಕ್ಕೆ ಇಳಿಯುವುದಿಲ್ಲ.

ದಾರಿ ಕಂಡಲ್ಲೆಲ್ಲ ಹೋಗಲು ನಮಗೆ ಹಕ್ಕಿದೆಯೇ? ಇಂಗ್ಲೆಂಡಿನಲ್ಲಿ ಕಾಲುದಾರಿ ಬೇರೆ, ಕುದುರೆದಾರಿ ಬೇರೆ. 1968ರ ಗ್ರಾಮಾಂತರ ಕಾಯಿದೆಯು ಕುದುರೆದಾರಿಗಳಲ್ಲಿ ಸೈಕಲ್ ಹೊಡೆಯುವ ಹಕ್ಕನ್ನು ಕೊಟ್ಟಿತು. ಜೊತೆಗೆ, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಕರ್ತವ್ಯವನ್ನೂ ವಿಧಿಸಿತು. ತೆರೆದ ಬಯಲಿನಲ್ಲಿ ಅಡ್ಡಾಡಲು 2000ದ ಕಾಯಿದೆ ಕೊಟ್ಟ ಹಕ್ಕು ನಡೆಯುವವರಿಗೆ ಮಾತ್ರ. ಆದರೆ ಗಡಿಯನ್ನು ದಾಟಿ ಸ್ಕಾಟ್ಲೆಂಡಿಗೆ ಕಾಲಿಟ್ಟೊಡನೆ ನಿಯಮ ಬದಲಾಗುತ್ತದೆ. ಅಲ್ಲಿನ 2003ರ ಶಾಸನದಂತೆ ಹೊಣೆಯರಿತು ನಡೆಯುವವರೆಗೆ ಸೈಕಲ್ ಸವಾರನಿಗೂ ಬಹುತೇಕ ನೆಲದ ಮೇಲೆ ಸಂಚರಿಸುವ ಹಕ್ಕುಂಟು. ಕಾಡಿನ ನಡುವೆ, ಗಡಿಯ ಮೇಲೆಯೇ, ಬ್ಲಡಿ ಬುಷ್ ಎಂಬಲ್ಲಿ ಹಳೆಯ ಕಲ್ಲಿನ ಕಂಬವೊಂದಿದೆ. ಕುದುರೆಗೆ ಇಷ್ಟು, ದನಕ್ಕೆ ಇಷ್ಟು, ಕುರಿಗೆ ಇಷ್ಟು ಎಂದು ದಾರಿಯ ಸುಂಕದ ದರವನ್ನು ಅದರ ಮೇಲೆ ಕೆತ್ತಿದ್ದಾರೆ. ಇಂದು ಅಲ್ಲಿ ಸುಂಕ ಕೇಳುವವರಿಲ್ಲ.

ಕಾಸಿನ ಸುಂಕವು ಹೋದರೂ ನಡತೆಯ ಸುಂಕವು ಉಳಿದಿದೆ. ತೆರೆದ ಗೇಟನ್ನು ಮುಚ್ಚುವುದು, ಗೂಡಿನಲ್ಲಿರುವ ಹಕ್ಕಿಯನ್ನು ಬೆದರಿಸದಿರುವುದು, ಎದುರಿನಿಂದ ಬಂದವರಿಗೆ ನಿಂತು ದಾರಿ ಕೊಡುವುದು, ಕಸವನ್ನು ಹೊತ್ತು ಹಿಂದಕ್ಕೆ ತರುವುದು, ಇವೇ ಆ ಸುಂಕ. ರೋಮನರ ಸೈನಿಕರು, ದನಗಾಹಿಗಳು, ರೈಲಿನ ಕೂಲಿಗಳು, ಮರ ಕಡಿಯುವವರು ಒಬ್ಬರಾದ ಮೇಲೊಬ್ಬರು ಸವೆಸಿದ ಸೀಮೆಯಿದು. ಅಲ್ಲಿ ಸೈಕಲ್ಲಿನ ಸವಾರನು ಒಂದು ದಿನದ ಅತಿಥಿ. ಅತಿಥಿಯು ಹೊರಟುಹೋದ ಮೇಲೆ ಮನೆಯು ಮೊದಲಿದ್ದಂತೆಯೇ ಇರಬೇಕು.

ಅಭ್ಯಾಸ

1. ಗ್ರಾವೆಲ್ ಸೈಕಲ್ಲಿನ ಟೈರಿನಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬುವುದಿಲ್ಲವೇಕೆ?
2. ಕೀಲ್ಡರ್ ಜಲಾಶಯದಿಂದ ಆದ ಲಾಭನಷ್ಟಗಳನ್ನು ವಿವರಿಸಿರಿ.
3. ಪೀಟ್ ನೆಲದ ಮೇಲೆ ಗಾಲಿಯ ಜಾಡು ಬೀಳಬಾರದೆಂದು ಲೇಖಕರು ಹೇಳಲು ಕಾರಣವೇನು?
4. ‘ನಡತೆಯ ಸುಂಕ’ ಎಂದರೇನು? ನಿಮ್ಮೂರಿನ ಒಂದು ದಾರಿಯನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.