ಬ್ಯಾಕ್ಟೀರಿಯದ ಸ್ವಯಾರ್ಜಿತ ಆಸ್ತಿ

ದಡಾರ ಒಮ್ಮೆ ಬಂದು ಹೋದವನಿಗೆ ಮತ್ತೆ ಬರುವುದು ಅಪರೂಪವೆಂಬುದನ್ನು ನಾವೆಲ್ಲ ಬಲ್ಲೆವು. ರಕ್ತದಲ್ಲಿನ ಕೆಲವು ಕೋಶಗಳು ಆ ರೋಗದ ಗುರುತನ್ನು ಇಟ್ಟುಕೊಂಡಿರುತ್ತವೆ. ಆದರೆ ಆ ಗುರುತು ಅವನೊಡನೆಯೇ ಮುಗಿಯಿತು. ತಾಯಿಯಿಂದ ಕೂಸಿಗೆ ದೊರೆಯುವ ರಕ್ಷಣೆಯೂ ಕೆಲವು ತಿಂಗಳುಗಳಲ್ಲಿ ತೀರುತ್ತದೆ. ರಕ್ತವಾಗಲಿ ಮಿದುಳಾಗಲಿ ಇಲ್ಲದ, ಒಂದೇ ಕೋಶದ ಬ್ಯಾಕ್ಟೀರಿಯ ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದೆ. ತನ್ನ ಮೇಲೆ ಎರಗಿದ ವೈರಸನ್ನು ಅದು ನೆನಪಿಡುವುದಲ್ಲದೆ, ಆ ನೆನಪನ್ನು ಮಕ್ಕಳಿಗೂ ಬಿಟ್ಟುಹೋಗುತ್ತದೆ. ಇತಿಹಾಸ ಓದುವ ನಾನು ಈ ವಿಷಯಕ್ಕೆ ಕೈಹಾಕಿರುವುದು ಅದಕ್ಕಾಗಿ. ವಿಜ್ಞಾನ ಬಲ್ಲ ಮಿತ್ರರು ಮನ್ನಿಸಬೇಕು.

ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸುಗಳನ್ನು ಮೊದಲು ಕಂಡವರು ೧೯೧೫ರಲ್ಲಿ ಇಂಗ್ಲೆಂಡಿನ ಟ್ವಾರ್ಟ್, ೧೯೧೭ರಲ್ಲಿ ಪ್ಯಾರಿಸ್ಸಿನಲ್ಲಿದ್ದ ದೆರೆಲ್. ಇವಕ್ಕೆ ಫೇಜ್ ಎಂದು ಹೆಸರು. ಫೇಜ್ ಕೋಶದ ಗೋಡೆಗೆ ಅಂಟಿ ತನ್ನ ಡಿ.ಎನ್.ಎ.ಯನ್ನು ಒಳಕ್ಕೆ ಸೇರಿಸುತ್ತದೆ. ಅಲ್ಲಿಂದ ಮುಂದೆ ಮನೆ ಬ್ಯಾಕ್ಟೀರಿಯದ್ದು, ಯಜಮಾನಿಕೆ ಫೇಜಿನದು. ಕೆಲವು ಫೇಜುಗಳಿಗೆ ಅರ್ಧ ಗಂಟೆ ಸಾಕು. ನೂರಾರು ಮರಿಗಳು ಕೋಶವನ್ನು ಒಡೆದುಕೊಂಡು ಹೊರಬೀಳುತ್ತವೆ.

ಇದಕ್ಕೆ ಬ್ಯಾಕ್ಟೀರಿಯ ಮಾಡಿಕೊಂಡ ಉಪಾಯದ ಮೊದಲ ಸುಳಿವು ೧೯೮೭ರಲ್ಲಿ ಜಪಾನಿನ ಒಸಾಕಾದಲ್ಲಿ ದೊರಕಿತು. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಂತಿರುವ ಡಿ.ಎನ್.ಎ.ಯಲ್ಲಿ ಇಷಿನೊ ಮತ್ತು ಅವರ ಸಂಗಡಿಗರು ಒಂದು ವಿಚಿತ್ರವನ್ನು ಕಂಡರು. ೨೯ ಅಕ್ಷರಗಳ ಒಂದೇ ಸಾಲು ಕೀರ್ತನೆಯ ಪಲ್ಲವಿಯಂತೆ ಮರಳಿ ಮರಳಿ ಬರುತ್ತಿತ್ತು. ಎರಡು ಪಲ್ಲವಿಗಳ ನಡುವೆ ೩೨ ಅಕ್ಷರಗಳ ಒಂದೊಂದು ಚರಣ, ಒಂದರಂತೆ ಇನ್ನೊಂದಿಲ್ಲ. ಇದರ ಅರ್ಥ ತಿಳಿಯದೆಂದು ಅವರು ಬರೆದಿಟ್ಟರು. ಸ್ಪೇನಿನ ಅಲಿಕಾಂಟೆಯಲ್ಲಿ, ಉಪ್ಪಿನ ಮಡಿಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳಲ್ಲಿಯೂ ಇಂಥದೇ ಪಲ್ಲವಿಯನ್ನು ಕಂಡ ಫ್ರಾನ್ಸಿಸ್ಕೊ ಮೊಹಿಕಾ ಹತ್ತು ವರ್ಷ ಅದರ ಬೆನ್ನು ಬಿಡಲಿಲ್ಲ. ಎಲ್ಲರೂ ಪಲ್ಲವಿಯನ್ನೇ ನೋಡುತ್ತಿದ್ದಾಗ ಇವರು ಚರಣಗಳನ್ನು ಓದಿದರು. ೨೦೦೩ರಲ್ಲಿ ಹೋಲಿಸಿ ನೋಡಿದರೆ, ಹಲವು ಚರಣಗಳು ಫೇಜುಗಳ ಡಿ.ಎನ್.ಎ.ಯ ತುಣುಕುಗಳೇ! ಈ ಲೇಖನವನ್ನು ಒಂದಾದ ಮೇಲೊಂದು ಪತ್ರಿಕೆ ಹಿಂದಿರುಗಿಸಿ, ಅದು ಅಚ್ಚಾದದ್ದು ೨೦೦೫ರಲ್ಲಿ. ಈ ಹೊತ್ತಿಗೆ ಆ ನೆಲೆಗೆ ಕ್ರಿಸ್ಪರ್ ಎಂಬ ಹೆಸರು ಬಂದಿತ್ತು.

ನಮ್ಮ ನಾಡಿನ ವೀರಗಲ್ಲಿನಲ್ಲಿ ಕಾದಿ ಮಡಿದವನ ಚಿತ್ರವಿರುತ್ತದೆ. ಇಲ್ಲಿ ಉಳಿದವನು ಶತ್ರುವಿನ ತುಣುಕನ್ನೇ ಮನೆಯಲ್ಲಿ ಇಟ್ಟುಕೊಂಡಿದ್ದಾನೆ.

ಇದೆಲ್ಲ ಊಹೆಯಲ್ಲವೇ ಎಂದು ಕೇಳಬಹುದು. ಉತ್ತರ ಬಂದದ್ದು ಹಾಲಿನಿಂದ. ಹಾಲನ್ನು ಮೊಸರು, ಗಿಣ್ಣುಗಳಾಗಿ ಮಾಡುವ ಒಂದು ಬ್ಯಾಕ್ಟೀರಿಯಕ್ಕೆ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂದು ಹೆಸರು. ಕಾರ್ಖಾನೆಗಳಲ್ಲಿ ಇದಕ್ಕೆ ಫೇಜ್ ತಗುಲಿದರೆ ಇಡೀ ತೊಟ್ಟಿಯ ಹೆಪ್ಪು ಕೆಟ್ಟಿತೆಂದೇ ಲೆಕ್ಕ. ಡ್ಯಾನಿಸ್ಕೊ ಕಂಪನಿಯ ಬರಾಂಗೂ, ಹೊರ್ವಾತ್ ಮೊದಲಾದವರು ಬೇಕೆಂದೇ ಫೇಜನ್ನು ಬಿಟ್ಟರು. ಬಹುಪಾಲು ಸತ್ತವು. ಬದುಕಿದವುಗಳಲ್ಲಿ ಆ ಫೇಜಿನದೇ ಹೊಸ ಚರಣಗಳು ಸೇರಿದ್ದವು. ಚರಣವನ್ನು ತೆಗೆದುಹಾಕಿದರೆ ರಕ್ಷಣೆ ಹೋಯಿತು. ಬೇರೆಯದಕ್ಕೆ ಸೇರಿಸಿದರೆ ಅದಕ್ಕೆ ರಕ್ಷಣೆ ಬಂದಿತು. ೨೦೦೭ರಲ್ಲಿ ಪ್ರಕಟವಾದ ಈ ಪ್ರಯೋಗದಷ್ಟು ನೇರವಾದ ಸಾಕ್ಷ್ಯ ನಮ್ಮ ಇತಿಹಾಸಕಾರರಿಗೆ ದೊರೆಯುವುದಿಲ್ಲ.

ಕೆಲಸದ ಬಗೆ ಹೀಗಿದೆ. ಫೇಜಿನ ಡಿ.ಎನ್.ಎ. ಒಳಬಂದಾಗ ಕ್ಯಾಸ್-೧, ಕ್ಯಾಸ್-೨ ಎಂಬ ಪ್ರೋಟೀನುಗಳು ಅದರಿಂದ ಸುಮಾರು ೩೦ ಅಕ್ಷರಗಳ ತುಣುಕನ್ನು ಸಾಲಿನ ಒಂದು ತುದಿಯಲ್ಲಿ ಸೇರಿಸುತ್ತವೆ. ಮುಂದೆ ಆ ಸಾಲಿನ ಆರ್.ಎನ್.ಎ. ನಕಲು ತಯಾರಾಗಿ, ಚರಣ ಚರಣವಾಗಿ ತುಂಡಾಗುತ್ತದೆ. ಮೊಸರಿನ ಬ್ಯಾಕ್ಟೀರಿಯದಲ್ಲಿ ಕ್ಯಾಸ್-೯ ಎಂಬ ಪ್ರೋಟೀನು ಒಂದೊಂದು ತುಂಡನ್ನು ಹಿಡಿದು ಕಾವಲು ತಿರುಗುತ್ತದೆ. ಅದಕ್ಕೆ ಸರಿಹೊಂದುವ ಡಿ.ಎನ್.ಎ. ಸಿಕ್ಕರೆ ಎರಡು ಎಳೆಗಳನ್ನೂ ಕತ್ತರಿಸುತ್ತದೆ. ಹಾಗಾದರೆ ತನ್ನ ದಾಖಲೆಯಲ್ಲೇ ಇರುವ ಅದೇ ತುಣುಕನ್ನು ಏಕೆ ಕತ್ತರಿಸುವುದಿಲ್ಲ? ಫೇಜಿನಲ್ಲಿ ಆ ತುಣುಕಿನ ಪಕ್ಕದಲ್ಲಿ ಕೆಲವೇ ಅಕ್ಷರಗಳ ಒಂದು ಗುರುತುಂಟು. ದಾಖಲೆಯಲ್ಲಿ ಆ ಜಾಗದಲ್ಲಿರುವುದು ಪಲ್ಲವಿ. ಗುರುತಿಲ್ಲದಿದ್ದರೆ ಕತ್ತರಿಯಿಲ್ಲ.

ಹೊಸ ಚರಣ ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಸೇರುವುದರಿಂದ ಸಾಲನ್ನು ಶಾಸನದಂತೆ ಕಾಲಕ್ರಮದಲ್ಲಿ ಓದಬಹುದು. ಕೋಶ ಎರಡಾದಾಗ ಶಾಸನವೂ ಎರಡಾಗುತ್ತದೆ: ಸ್ವಯಾರ್ಜಿತವು ಪಿತ್ರಾರ್ಜಿತವಾಯಿತು. ಗಳಿಸಿದ ಗುಣ ಸಂತಾನಕ್ಕೆ ಇಳಿಯುತ್ತದೆಂದು ೧೮೦೯ರಲ್ಲಿ ಹೇಳಿದ ಲಾಮಾರ್ಕನ ಹೆಸರನ್ನು ಕೆಲವು ವಿಜ್ಞಾನಿಗಳು ಇಲ್ಲಿ ಎತ್ತುವುದುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಾನು ಓದಿದ್ದು ನನ್ನ ಮಕ್ಕಳ ರಕ್ತಕ್ಕೆ ಇಳಿಯುವುದಿಲ್ಲ, ಅವರೂ ಅಕ್ಷರಮಾಲೆಯಿಂದಲೇ ತೊಡಗಬೇಕು. ಹೀಗಿರುವಾಗ ಬ್ಯಾಕ್ಟೀರಿಯದ ಭಾಗ್ಯ ಅಸೂಯೆ ಹುಟ್ಟಿಸುವಂಥದೇ. ಆದರೂ ಲಾಮಾರ್ಕನಿಗೆ ಪೂರ್ಣ ಜಯವೆಂದು ನನಗೆ ತೋರುವುದಿಲ್ಲ. ದಾಳಿಗೆ ಸಿಕ್ಕ ಕೋಶಗಳಲ್ಲಿ ತುಣುಕನ್ನು ಹಿಡಿದು ಬದುಕುವವು ತೀರ ಕಡಮೆ; ಕೆಲವೊಮ್ಮೆ ತಪ್ಪಿ ತಮ್ಮದೇ ಡಿ.ಎನ್.ಎ.ಯನ್ನು ದಾಖಲಿಸಿಕೊಂಡವು ತಮ್ಮನ್ನೇ ಕೊಂದುಕೊಳ್ಳುತ್ತವೆ. ಉಳಿದವರಿಗೆ ಮಾತ್ರ ಈ ಆಸ್ತಿ. ಅಲ್ಲಿ ಡಾರ್ವಿನ್ನನ ಆಯ್ಕೆಯೂ ನಡೆದೇ ಇದೆ.

ಕ್ಯಾಸ್-೯ನ್ನು ಮನುಷ್ಯನು ಬೇಕಾದ ಡಿ.ಎನ್.ಎ. ಕತ್ತರಿಸುವ ಉಪಕರಣವಾಗಿ ಮಾಡಬಹುದೆಂದು ೨೦೧೨ರಲ್ಲಿ ತೋರಿಸಿದ ಶಾರ್ಪಾಂಟಿಯೆ ಮತ್ತು ಡೌಡ್ನಾ ಅವರಿಗೆ ೨೦೨೦ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಅದರ ಕಥೆಯೇ ಬೇರೆ.

ಫೇಜುಗಳೇನೂ ಸುಮ್ಮನಿಲ್ಲ. ಗುರುತಿನ ಒಂದು ಅಕ್ಷರ ಬದಲಾದರೆ ಸಾಕು, ಕಾವಲು ತಪ್ಪುತ್ತದೆ. ಬ್ಯಾಕ್ಟೀರಿಯ ಮತ್ತೊಂದು ತುಣುಕನ್ನು ಹಿಡಿಯಬೇಕಾಗುತ್ತದೆ. ಕ್ಯಾಸ್ ಪ್ರೋಟೀನುಗಳ ಕೈಯನ್ನೇ ಕಟ್ಟಿಹಾಕುವ ಪ್ರೋಟೀನುಗಳು ಕೆಲವು ಫೇಜುಗಳಲ್ಲಿ ಇರುವುದು ೨೦೧೩ರಲ್ಲಿ ಪತ್ತೆಯಾಯಿತು. ಅಂಥ ಫೇಜಿನ ಮುಂದೆ ಹಳೆಯ ಶಾಸನವಿದ್ದೂ ಬ್ಯಾಕ್ಟೀರಿಯ ಸಾಯಬಹುದು.