ಅಂಜಿಕೆಗೆ ರೊಕ್ಕ ಕಟ್ಟಬೇಡಿ

ಕಾಲೇಜಿಗೆಂದು ಅರಕೇರಾದಿಂದ ರಾಯಚೂರಿನ ಬಸ್ಸು ಹತ್ತಿದ ಮಗ ಅಲ್ಲಿಯ ಅಂಗಡಿಯೊಂದರಲ್ಲಿ ಸಿಕ್ಕಿಬಿದ್ದಾನೆ ಎಂಬ ಫೋನು ಬಂತು ಅಂದುಕೊಳ್ಳಿ. "ಮುನ್ನೂರು ರೂಪಾಯಿಯ ಇಯರ್‌ಫೋನು ಎತ್ತಿದ್ದಾನೆ. ಹತ್ತು ಸಾವಿರ ಕಟ್ಟಿ ಕರಕೊಂಡು ಹೋಗಿ. ಇಲ್ಲವಾದರೆ ಪೊಲೀಸರಿಗೆ ಕೊಡುತ್ತೇವೆ, ವಾಟ್ಸಾಪಿಗೆ ಫೋಟೊ ಹಾಕುತ್ತೇವೆ." ಎಂಥವರಿಗೂ ಕೈಕಾಲು ನಡುಗುತ್ತವೆ. ಆದರೆ ಕೊರಳ ಸರ ಅಡವಿಡಲು ಓಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ನೀರು ಕುಡಿಯಿರಿ, ಓದು ಬರಹ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಡಿ.

ಅಂಗಡಿಗೆ ಹೋದ ಕೂಡಲೇ ಜಗಳ ತೆಗೆಯಬೇಡಿ. ತಪ್ಪು ನಿಮ್ಮ ಮಗನದಿದ್ದರೆ ನೇರವಾಗಿ ಕ್ಷಮೆ ಕೇಳಿ. ವಸ್ತು ಕೆಟ್ಟಿದ್ದರೆ ಅದರ ಬೆಲೆ ಕೊಟ್ಟು ಬಿಲ್ಲು ಪಡೆಯಿರಿ. ಅದು ನಿಮ್ಮ ಧರ್ಮ, ಅದರಲ್ಲಿ ಚೌಕಾಸಿ ಬೇಡ.

ಅದಕ್ಕಿಂತ ಹೆಚ್ಚು ಕೇಳಿದರೆ ಮಾತ್ರ ನಿಲ್ಲಿ. ದಂಡ ಹಾಕುವ ಅಧಿಕಾರ ಅಂಗಡಿಗಿಲ್ಲ, ಗೋಡೆಯ ಮೇಲೆ ಬೋರ್ಡು ಬರೆಸಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ನಿಜವಾಗಿ ನಷ್ಟವಾಗಿದ್ದರೆ ಅವರು ನ್ಯಾಯಾಲಯದಲ್ಲಿ ದಾವೆ ಹೂಡಿ ಸಾಬೀತು ಮಾಡಲಿ. ಹೆದರಿಸಿ ಹಣ ಕೀಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಸುಲಿಗೆ ಎನ್ನುತ್ತದೆ. ಇದನ್ನು ಕೂಗಾಡಿ ಹೇಳಬೇಕಿಲ್ಲ. "ಎಷ್ಟು, ಯಾವುದಕ್ಕೆ ಎಂದು ಬರೆದು ಕೊಡಿ, ವಕೀಲರಿಗೆ ತೋರಿಸುತ್ತೇವೆ" ಎಂದರೆ ಸಾಕು. ರಸೀದಿಯಿಲ್ಲದೆ ರೊಕ್ಕ ಕೊಡಬೇಡಿ, ಯಾರದೋ ಸ್ವಂತ ನಂಬರಿಗೆ ಫೋನ್‌ಪೇ ಮಾಡಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಲೇಬೇಡಿ.

ಅಮೆರಿಕದಲ್ಲಿ ನಿಮ್ಮ ಬಳಗದವರಿದ್ದರೆ ಅವರಿಗೂ ಒಂದು ಮಾತು ಹೇಳಿ. ಅಲ್ಲಿಯ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಪ್ರಕರಣಕ್ಕೆ ತಂದೆತಾಯಿಗಳಿಂದ 50ರಿಂದ 500 ಡಾಲರ್‌ವರೆಗೆ ಕೇಳಲು ಕಾನೂನೇ ಅವಕಾಶ ಕೊಟ್ಟಿದೆ. ಹಾಗೆ ಹಣ ಕೇಳಿ ಬಂದ ಪತ್ರವನ್ನು ಹರಿದೂ ಹಾಕಬಾರದು, ಹೆದರಿ ತಕ್ಷಣ ಕಟ್ಟಲೂಬಾರದು. ಮೊದಲು ವಕೀಲರಿಗೆ ತೋರಿಸಬೇಕು. ಹಾಗೆಂದು ಎಲ್ಲ ದೇಶದಲ್ಲೂ ಅಂಗಡಿಯದೇ ಗೆಲುವಲ್ಲ: ಇಂಗ್ಲೆಂಡಿನಲ್ಲಿ ಹದಿಹರೆಯದ ಇಬ್ಬರು ಹುಡುಗಿಯರಿಂದ ಕಾವಲಿನ ಖರ್ಚು ಕೇಳಿದ ಅಂಗಡಿಯ ದಾವೆಯನ್ನು ಆಕ್ಸ್‌ಫರ್ಡ್ ನ್ಯಾಯಾಲಯ 2012ರಲ್ಲಿ ತಳ್ಳಿಹಾಕಿತು.

ಪೊಲೀಸರ ಹೆಸರು ಕೇಳಿದರೇ ಬೆವರುತ್ತೀರಲ್ಲ, ಅದನ್ನೂ ಬಿಡಿ. ನಮ್ಮಲ್ಲಿ ಹದಿನೆಂಟು ತುಂಬದವರಿಗೆ 2015ರ ಬಾಲ ನ್ಯಾಯ ಕಾಯ್ದೆಯ ಆಸರೆಯಿದೆ. ಅವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿ ಬುದ್ಧಿ ಹೇಳಿ ಕಳಿಸಬಹುದು, ಆಪ್ತಸಮಾಲೋಚನೆಗೆ ಹಚ್ಚಬಹುದು, ಸಮುದಾಯ ಸೇವೆ ಮಾಡಿಸಬಹುದು. ವಿಚಾರಣೆಯಲ್ಲಿರುವ ಮಗುವಿನ ಹೆಸರು, ಫೋಟೊ ಹಂಚಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಒತ್ತಿ. ರಾಯಚೂರಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಇನ್ನು ಮನೆಯ ಮಾತು. ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತು ಬಂದ ಸಿಟ್ಟನ್ನು ಹುಡುಗನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತೀರಿ. ಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಹಾಗೆಂದು "ಹುಡುಗಾಟಿಕೆ" ಎಂದು ಮುಚ್ಚಿಹಾಕಲೂಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಊಟವಾದ ಮೇಲೆ ಹತ್ತಿರ ಕೂರಿಸಿಕೊಂಡು ಕೇಳಿ: ಗೆಳೆಯರು ಪಂಥ ಕಟ್ಟಿದರೋ, ಎಲ್ಲರ ಹತ್ತಿರ ಇದ್ದದ್ದು ತನ್ನಲ್ಲಿ ಇಲ್ಲ ಎಂಬ ಕೊರಗೋ? ಅವನು ಹೇಳಿ ಮುಗಿಸುವವರೆಗೆ ನೀವು ಬಾಯಿ ತೆರೆಯಬೇಡಿ.

ನೀವು ಕಟ್ಟಿದ ಬೆಲೆಯನ್ನು ಅವನ ಕೈಖರ್ಚಿನಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಆನೆ ಕೊಟ್ಟರೇ ಬಾರದ್ದು ನಿಮ್ಮ ಹತ್ತು ಸಾವಿರಕ್ಕೆ ಬಂದೀತೇ? ಅದನ್ನು ಅವನೇ ನಡೆದು ಗಳಿಸಬೇಕು. ಅಂಗಡಿಯವರು ಒಪ್ಪಿದರೆ ಒಂದು ದಿನ ಅಲ್ಲಿಗೇ ಕರೆದೊಯ್ದು ಒಂದು ನೋಟುಬುಕ್ಕು ಕೊಳ್ಳಲು ಹೇಳಿ. ರೊಕ್ಕ ಅವನೇ ಎಣಿಸಿ ಕೊಡಲಿ, ಬಿಲ್ಲು ಅವನ ಜೇಬಿನಲ್ಲೇ ಇರಲಿ.