ಒಂದೇ ದಿನದಲ್ಲಿ ದ್ವೀಪ ನೋಡಿ ಬರಬಹುದೇ?

ಪ್ರಶ್ನೆ: ನಾವು ಸಕಲೇಶಪುರದವರು. ಮಕ್ಕಳನ್ನು ಒಂದೇ ದಿನದಲ್ಲಿ ದ್ವೀಪಕ್ಕೆ ಕರೆದೊಯ್ದು ಸ್ನಾರ್ಕ್ಲಿಂಗ್ ಮಾಡಿಸಿ ಬರಬಹುದೇ?

ಉತ್ತರ: ಸ್ನಾರ್ಕ್ಲಿಂಗ್‌ಗೆ ಹೆಸರಾದದ್ದು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ಹವಳ, ಬಣ್ಣದ ಮೀನುಗಳ ಲೋಕ ಅದು. ಆದರೆ ದೋಣಿ ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ರಾತ್ರಿ ಮುರುಡೇಶ್ವರದಲ್ಲಿ ತಂಗಿ.

ಒಂದೇ ದಿನ ಬಿಡುವಿದ್ದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವೇ ಸರಿ. ನಸುಕಿನಲ್ಲೇ ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದೊಳಗೆ ದೋಣಿ ಹತ್ತಬಹುದು. ಲಾವಾ ತಣಿದು ಮೂಡಿದ ಕಂಬದಂಥ ಬಂಡೆಗಳನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಸ್ನಾರ್ಕ್ಲಿಂಗ್ ಆಸೆಯನ್ನು ನೇತ್ರಾಣಿಗೇ ಉಳಿಸಿಕೊಳ್ಳಿ.

ಹೇಮಾವತಿಯಲ್ಲಿ ಈಜು ಕಲಿತವರಿಗೂ ಕಡಲಿನ ಸೆಳೆತ ಹೊಸದು. ಲೈಫ್ ಜಾಕೆಟ್ ಬಿಚ್ಚಬೇಡಿ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಕಾಫಿ ಕೊಯ್ಲು ಮುಗಿಸಿ, ಬೇಸಿಗೆ ಏರುವ ಮೊದಲೇ ಹೊರಡಿ.